ನಮ್ಮ ತುಳಸಿಗೆ ಸ್ನಾನ ಮಾಡಿಸಿದವರು

ನಮ್ಮ ಬಡಾವಣೆಯ ಮಹಿಳಾ ಸಮಾಜದ ವಾರ್ಷಿಕ ಸಂಚಿಕೆಗಾಗಿ, ಇತ್ತೀಚೆಗೆ ನಿಧನರಾದ ನಮ್ಮ ಪಕ್ಕದ ಮನೆಯವರನ್ನು ಕುರಿತು ಒಂದು ಲೇಖನ ಬರೆದುಕೊಡಬೇಕೆಂದು ಸಮಾಜದ ಕಾರ್ಯದರ್ಶಿಯವರು ಮೌಖಿಕವಾಗಿ ಕೋರಿರುತ್ತಾರೆ. ಸದರಿ ಕೋರಿಕೆಯನ್ನು ನಾನು ಮೊದಲು ನಿರಾಕರಿಸಿದೆನು. ಸರ್ಕಾರಿ ಕಚೇರಿಯಲ್ಲಿ ಪತ್ರಗಳ ಕರಡು ಸಿದ್ಧಪಡಿಸುವುದರ ಹೊರತು ನನಗೆ ಬೇರೆ ಬರವಣಿಗೆಯ ಅಭ್ಯಾಸವಿಲ್ಲ. ಆದರೆ ಅವರು, “ಗೋಡೆಗೆ ಗೋಡೆ ಅಂಟಿಕೊಂಡಿದ್ದೋರು ನೀವು, ನೀವಲ್ದೆ ಇನ್ಯಾರ್ರೀ ಬರೀತಾರೆ” ಎಂದು ಬಿಡದೆ ಕೇಳಿದ್ದರಿಂದ, ತಪ್ಪುಗಳಿದ್ದಲ್ಲಿ ವಾಚಕರು ಮನ್ನಿಸಬೇಕೆಂಬ ವಿನಂತಿಯೊಂದಿಗೆ ಬರೆಯಲು ತೊಡಗಿದ್ದೇನೆ.

ಅವರ ಹೆಸರನ್ನು ಇಲ್ಲಿ ನಮೂದಿಸಿರುವುದಿಲ್ಲ. ತಮ್ಮ ಹೆಸರು ಅಚ್ಚಿನಲ್ಲಿ ಬರುವುದು ಅವರಿಗೆ ಹಿಡಿಸುತ್ತಿರಲಿಲ್ಲ. ಸಂತಾಪ ಸಭೆಯಲ್ಲಿ ಇದನ್ನೂ ಅವರ ಗುಣಗಳಲ್ಲಿ ಒಂದೆಂದು ಹೊಗಳಲಾಯಿತು. ನನ್ನ ಹೆಸರು ಅಚ್ಚಿನಲ್ಲಿ ಬಂದರೆ ನನಗೆ ಸಂತೋಷವೇ ಆಗುತ್ತದೆ. ಆದರೆ ಇದುವರೆಗೆ ಅಂತಹ ಸಂದರ್ಭ ಒದಗಿರಲಿಲ್ಲವಾದ್ದರಿಂದ ಅದು ಗುಣವೋ ದೋಷವೋ ಯಾರೂ ಪರಿಶೀಲಿಸಿಲ್ಲ.

ಆ ಸಭೆಯಲ್ಲಿ ಒಬ್ಬೊಬ್ಬರೂ ಎದ್ದು ಸದರಿಯವರು ತಮಗೆ ಏನು ಕೊಟ್ಟರೆಂದು ಹೇಳಿದರು. ಒಬ್ಬರಿಗೆ ಕರಿಬೇವಿನ ಸಸಿ, ಮತ್ತೊಬ್ಬರಿಗೆ ಬಾಣಂತನದ ಕಾಲದಲ್ಲಿ ದಿನವೂ ಸೊಪ್ಪು, ಇನ್ನೊಬ್ಬರಿಗೆ ಬ್ಯಾಂಕಿನ ಕೆಲಸದಲ್ಲಿ ಸಹಾಯ. ನಾನು ಮಾತನಾಡಲಿಲ್ಲ. ಇಷ್ಟು ವರ್ಷ ಪಕ್ಕದಲ್ಲಿದ್ದು, ಅವರನ್ನು ಕಂಡರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತೆಂದು ಅಂತಹ ಸಭೆಯಲ್ಲಿ ಹೇಳುವ ಪದ್ಧತಿಯಿಲ್ಲ. ಆದರೆ ಆ ವಿಷಯವನ್ನು ಕೈಬಿಟ್ಟು ಬರೆದರೆ ಈ ಲೇಖನದಲ್ಲಿ ಅವರು ಇರುವುದಿಲ್ಲ. ಬೇರೆ ಯಾರೋ ಪುಣ್ಯಾತ್ಮರು ಇರುತ್ತಾರೆ.

ಎಪ್ಪತ್ತರ ದಶಕದ ಆದಿಯಲ್ಲಿ ನಾನು ಮದುವೆಯಾಗಿ ಜಯನಗರದ ಈ ಮನೆಗೆ ಬಂದಾಗ ನಮ್ಮ ರಸ್ತೆಗೆ ಟಾರು ಬಿದ್ದಿರಲಿಲ್ಲ. ಜೆ.ಪಿ. ನಗರದ ಕಡೆ ಮನೆ ಕಟ್ಟುವವರಿಗಾಗಿ ಕಲ್ಲು, ಮರಳು ತುಂಬಿದ ಲಾರಿಗಳು ಹಗಲೆಲ್ಲಾ ಓಡಾಡುತ್ತಿದ್ದವು. ಬೇಸಿಗೆಯಲ್ಲಿ ಕಿಟಕಿಯ ಸರಳು, ಒಣಹಾಕಿದ ಸೀರೆ, ಗಿಡದ ಎಲೆ ಎಲ್ಲವೂ ಒಂದೇ ಬಣ್ಣಕ್ಕೆ ತಿರುಗುತ್ತಿದ್ದವು. ಮನೆಯಲ್ಲಿ ನಮ್ಮ ಯಜಮಾನರು, ನಾನು ಮತ್ತು ನಮ್ಮ ಅತ್ತೆಯವರು. ಅತ್ತೆಯವರು ಬಸವನಗುಡಿಯ ಬಾಡಿಗೆ ಮನೆಯಿಂದ ಇಲ್ಲಿಗೆ ಬರುವಾಗ ಪಾತ್ರೆಪಡಗಗಳಿಗಿಂತ ಮೊದಲು ತಂದದ್ದು ತಮ್ಮ ತುಳಸಿಯನ್ನು. ಅದಕ್ಕೆ ಹಿತ್ತಲಿನ ನಟ್ಟನಡುವೆ ಕಟ್ಟೆ ಕಟ್ಟಿಸಿದರು. ಅವರು ಮಡಿಯವರು. ನಾನು ದಿನವೂ ಬಿ.ಟಿ.ಎಸ್. ಬಸ್ಸಿನಲ್ಲಿ ಹತ್ತು ಜನರ ಮೈ ತಾಗಿಸಿಕೊಂಡು ಕಚೇರಿಗೆ ಹೋಗಿಬರುವವಳು. ಆದಕಾರಣ ತುಳಸಿಯನ್ನು ನಾನು ಮುಟ್ಟುವಂತಿರಲಿಲ್ಲ. ಈ ಬಗ್ಗೆ ಯಾರೂ ಆದೇಶ ಹೊರಡಿಸಿದ್ದಿಲ್ಲ. ಮದುವೆಯಾದ ಹೊಸದರಲ್ಲಿ ನಾನು ಒಮ್ಮೆ ತುಳಸಿಗೆ ನೀರು ಹಾಕಲು ಹೋದಾಗ ಅತ್ತೆಯವರು ನನ್ನ ಕೈಯಿಂದ ಚೊಂಬನ್ನು ಮೃದುವಾಗಿ ತೆಗೆದುಕೊಂಡರು, ಅಷ್ಟೇ.

ಪಕ್ಕದ ಮನೆಯವರು ಬ್ಯಾಂಕಿನಲ್ಲಿ ಕ್ಯಾಷಿಯರ್. ಮದುವೆಯಾಗಿರಲಿಲ್ಲ. ತಂದೆ ತೀರಿಕೊಂಡ ಮೇಲೆ ಆ ಮನೆಯಲ್ಲಿ ಒಬ್ಬರೇ ಇದ್ದರು. ನನಗಿಂತ ಕೆಲವು ವರ್ಷ ದೊಡ್ಡವರು. ನಾನು ಸಂಜೆ ಬಸ್ಸಿಳಿದು ಬರುವಷ್ಟರಲ್ಲಿ ಅವರು ಮನೆಗೆ ಬಂದು, ಮುಖ ತೊಳೆದು, ಸೀರೆಯ ನೆರಿಗೆಯನ್ನು ಮೇಲೆ ಸಿಕ್ಕಿಸಿ, ಗಿಡಗಳ ನಡುವೆ ಬರಿಗಾಲಿನಲ್ಲಿ ನಿಂತಿರುತ್ತಿದ್ದರು. ಅವರಿಗೊಂದು ಮೊಪೆಡ್ ಇತ್ತು. ಅವರ ಅಡಿಗೆಮನೆಯಲ್ಲಿ ಒಲೆ ಹೊತ್ತಿಸುವ ಹೊತ್ತನ್ನು ಅವರೇ ನಿರ್ಧರಿಸುತ್ತಿದ್ದರು. ಬೇಡವೆನಿಸಿದ ದಿವಸ ಹೊತ್ತಿಸುತ್ತಿರಲಿಲ್ಲ. ಮೊಪೆಡ್ಡಿಗಿಂತಲೂ ಈ ಕೊನೆಯದು ನನ್ನನ್ನು ಹೆಚ್ಚು ಬಾಧಿಸಿತು ಎಂದು ಈಗ ಅನಿಸುತ್ತದೆ.

ಅವರಿಗೊಂದು ಅಭ್ಯಾಸವಿತ್ತು. ಯಾವುದನ್ನು ಕೈಗೆ ಕೊಟ್ಟರೂ ಮೊದಲು ತಿರುಗಿಸಿ ಹಿಂಬದಿ ನೋಡುತ್ತಿದ್ದರು. ನೋಟು ಎಣಿಸುವ ಕೆಲಸದಿಂದ ಬಂದ ಅಭ್ಯಾಸವಿರಬಹುದು. ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ ಒಮ್ಮೆ ಅವರೊಡನೆ ಸೀರೆ ಕೊಳ್ಳಲು ಹೋಗಿದ್ದೆನು. ಅಂಗಡಿಯವನು ಜರಿಯ ಸೆರಗನ್ನು ಹರಡಿ ತೋರಿಸುತ್ತಿದ್ದರೆ ಇವರು ಅದನ್ನು ಮಗುಚಿ ಹಾಕಿ, “ಮುಂದಿಂದು ನೀವು ಹೇಳ್ತಿದೀರಲ್ಲ, ಹಿಂದಿಂದು ಅದೇ ಹೇಳುತ್ತೆ ಬಿಡಿ” ಎಂದರು. ಅವನು ನಗುತ್ತಾ ಅವರಿಗೆ ಒಳಗಿನಿಂದ ಬೇರೆ ಸೀರೆಗಳನ್ನು ತಂದನು. ನಾನು ಅದಾಗಲೇ ಒಂದನ್ನು ಒಪ್ಪಿಬಿಟ್ಟಿದ್ದೆನು.

ಮೊದಮೊದಲು ನಮ್ಮ ಅತ್ತೆಯವರಿಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಆ ಕಾಲವು ನನ್ನ ಪಾಲಿಗೆ ಬಹಳ ಹಿತವಾಗಿತ್ತು. “ಒಂಟಿ ಹೆಂಗಸು, ಗಾಡಿ ಬೇರೆ ಓಡಿಸ್ತಾಳೆ” ಎಂದು ಅತ್ತೆಯವರು ಹೇಳುವಾಗ ನಾನು, ಪಾಪ ಒಳ್ಳೆಯವರಂತೆ ಎಂದು ಧಾರಾಳವಾಗಿ ಪರ ವಹಿಸುತ್ತಿದ್ದೆನು.

ಅದೆಲ್ಲ ಅಗಸೆ ಸೊಪ್ಪಿನಿಂದ ಕೆಟ್ಟಿತು. ನಮ್ಮ ಅತ್ತೆಯವರು ಏಕಾದಶಿಯಂದು ನೀರನ್ನೂ ಮುಟ್ಟದೆ ಉಪವಾಸವಿದ್ದು, ಮರುದಿನ ದ್ವಾದಶಿಯ ಬೆಳಗ್ಗೆ ಊಟ ಮಾಡುವವರು. ಆ ಊಟಕ್ಕೆ ಅಗಸೆ ಸೊಪ್ಪು ಇರಲೇಬೇಕು. ನಮ್ಮ ಯಜಮಾನರು ಅದಕ್ಕಾಗಿ ಗಾಂಧಿಬಜಾರಿಗೆ ಹೋಗಬೇಕಾಗಿತ್ತು, ಹಲವು ಸಲ ಮರೆಯುತ್ತಿದ್ದರು. ಪಕ್ಕದ ಮನೆಯ ಹಿತ್ತಲಿನಲ್ಲಿ ಅಗಸೆ ಮರವಿತ್ತು. ಯಾರು ಹೇಳಿದರೋ ತಿಳಿಯದು, ಒಂದು ಏಕಾದಶಿಯ ಸಂಜೆ ಕಾಂಪೌಂಡ್ ಗೋಡೆಯ ಮೇಲೆ ಬಾಳೆ ಎಲೆಯಲ್ಲಿ ಸುತ್ತಿದ ಅಗಸೆ ಸೊಪ್ಪು ಕುಳಿತಿತ್ತು. ಮುಂದಿನ ಏಕಾದಶಿಗೂ ಕುಳಿತಿತ್ತು. ಆಮೇಲೆ ಅದರ ಜೊತೆಗೆ ಎಳೆಯ ಬೆಂಡೆಕಾಯಿಗಳು ಬರತೊಡಗಿದವು.

“ಬ್ಯಾಂಕಿನವಳಿಗೆ ಪಂಚಾಂಗ ಗೊತ್ತಿದೆ, ನಮ್ಮನೇಲಿ ಯಾರಿಗೂ ಗೊತ್ತಿಲ್ಲ,” ಎಂದರು ಅತ್ತೆಯವರು.

ದ್ವಾದಶಿಯ ದಿನ ಎಲೆಯ ಮುಂದೆ ಕುಳಿತು ಪಲ್ಯವನ್ನು ಬಾಯಿಗಿಟ್ಟು, “ಪಕ್ಕದ್ಮನೇ ಬೆಂಡೇಕಾಯಿ ಬಾಯಲ್ಲಿ ಕರಗುತ್ತಪ್ಪ” ಎನ್ನುತ್ತಿದ್ದರು. ಅದನ್ನು ಮಾಡಿ ಬಡಿಸುತ್ತಿದ್ದವಳು ನಾನು. ಸ್ವಲ್ಪ ಕಾಲದಲ್ಲಿ ಸದರಿಯವರು ನಮ್ಮ ಅತ್ತೆಯವರನ್ನು “ಅತ್ತೆ” ಎಂದೇ ಕರೆಯತೊಡಗಿದರು. ಅತ್ತೆಯವರು ಅವರನ್ನು “ಏನೇ” ಎನ್ನತೊಡಗಿದರು. ಮದುವೆಯ ಯಾವ ಕಟ್ಟುಪಾಡೂ ಇಲ್ಲದೆ ಅವರಿಗೆ ಒಬ್ಬ ಅತ್ತೆ ದೊರಕಿದಂತಾಯಿತು.

ಆಗ ನಾನು ತೀರ್ಮಾನಿಸಿದೆನು. ದ್ವಾದಶಿಯ ದಿನ ಅತ್ತೆಯವರ ಎಲೆಗೆ ನಾನೇ ಬೆಳೆದ ತರಕಾರಿ ಬೀಳಬೇಕು. ಅದನ್ನು ಅವರು “ನಮ್ಮನೇದು” ಎನ್ನಬೇಕು. ಇದಕ್ಕಿಂತ ದೊಡ್ಡ ಆಸೆಗಳು ಜನರಿಗಿರುತ್ತವೆ. ಆ ವರ್ಷ ನನಗಿದ್ದದ್ದು ಇದೊಂದೇ.

ಹಿತ್ತಲನ್ನು ಅಗೆಸಿ, ಸುದ್ದಗುಂಟೆಪಾಳ್ಯದಿಂದ ಗಾಡಿಯಲ್ಲಿ ಗೊಬ್ಬರ ತರಿಸಿ, ತುಳಸಿಕಟ್ಟೆಯ ಸುತ್ತಲೂ ಬೆಂಡೆ, ಬದನೆಯ ಪಾತಿಗಳನ್ನು ಮಾಡಿದೆನು. ಭಾನುವಾರವೆಲ್ಲಾ ಅದರಲ್ಲಿಯೇ ಕಳೆಯುತ್ತಿತ್ತು. ಗಿಡಗಳು ಚೆನ್ನಾಗಿ ಬಂದವು. ಹೂ ಬಿಡುವ ಹೊತ್ತಿಗೆ ಸರಿಯಾಗಿ ಎಲೆಗಳ ಮೇಲೆ ಸೂಜಿಯಿಂದ ಚುಚ್ಚಿದಂತೆ ಬಿಳಿಯ ಚುಕ್ಕೆಗಳು ಕಂಡುಬಂದವು. ಆಮೇಲೆ ಎಲೆಗಳು ಹಳದಿಯಾಗಿ, ಕಂಚಿನ ಬಣ್ಣಕ್ಕೆ ತಿರುಗಿ, ತುದಿಯಲ್ಲಿ ತೆಳುವಾದ ಬಲೆ ಕಟ್ಟಿಕೊಂಡವು. ಪರಿಶೀಲಿಸಲಾಗಿ ಯಾವ ಹುಳವೂ ಕಾಣಲಿಲ್ಲ.

ಅತ್ತೆಯವರು ದೃಷ್ಟಿಯಾಗಿದೆ ಎಂದರು. ಯಾರ ದೃಷ್ಟಿ ಎಂಬುದರಲ್ಲಿ ನನಗೆ ಸಂದೇಹವಿರಲಿಲ್ಲ. ಹಳೆಯ ಮಡಕೆಗೆ ಮಸಿ ಬಳಿದು, ಸುಣ್ಣದ ಬೊಟ್ಟುಗಳನ್ನಿಟ್ಟು, ಕೋಲಿಗೆ ಬೋರಲು ಹಾಕಿ, ಅದರ ಮುಖ ಪಕ್ಕದ ಮನೆಯ ಕಡೆಗೆ ಬರುವಂತೆ ನೆಡಿಸಿದೆನು.

ಮರುದಿನ ಗೋಡೆಯ ಆಚೆಯಿಂದ ಧ್ವನಿ ಬಂದಿತು. “ಮಡಕೆ ಸಖತ್ತಾಗಿದೆ ಕಣ್ರೀ. ಆದ್ರೆ ಯಾಕೋ ನನ್ನನ್ನೇ ನೋಡ್ತಿದೆ.”

ಮಡಕೆಯಿಂದ ಪ್ರಯೋಜನವಾಗದ ಕಾರಣ ಅಂಗಡಿಯಿಂದ ಡಿ.ಡಿ.ಟಿ. ಪುಡಿಯನ್ನು ತರಿಸಿ, ಹಳೆಯ ಬಟ್ಟೆಯಲ್ಲಿ ಕಟ್ಟಿ, ಗಿಡಗಳ ಮೇಲೆಲ್ಲಾ ಕೊಡವಿದೆನು. ತುಳಸಿಕಟ್ಟೆಯ ಕಡೆಗೆ ಒಂದು ಕಣವೂ ಹೋಗಬಾರದೆಂದು ಅತ್ತೆಯವರು ಅಡ್ಡವಾಗಿ ಒಂದು ಪಂಚೆಯನ್ನು ಹಿಡಿದುಕೊಂಡು ನಿಂತಿದ್ದರು. ಒಂದು ವಾರ ಕಳೆಯುವಷ್ಟರಲ್ಲಿ ಗಿಡಗಳು ಮೊದಲಿಗಿಂತಲೂ ಕೆಟ್ಟವು.

“ಏನ್ರೀ, ಗಿಡಗಳಿಗೆಲ್ಲಾ ಪೌಡರ್ ಹಾಕಿ ಮದುವೆಗೆ ಹೊರಡಿಸಿದೀರಾ?” ಎಂದು ಗೋಡೆಯ ಮೇಲೆ ಮೊಣಕೈ ಊರಿ ಅವರು ಕೇಳಿದರು.

“ಹುಳ ಬಿದ್ದಿದೆ.”

“ಯಾವ ಹುಳ, ನೋಡಿದ್ರಾ?”

“ಕಾಣಿಸ್ತಿಲ್ಲ. ಆದ್ರೆ ಬಿದ್ದಿದೆ.”

“ಕಾಣಿಸ್ದೇ ಇರೋದಕ್ಕೆ ಪೌಡರ್ ಬಳಿದಿದೀರಿ. ಒಂದು ಎಲೆ ಕೊಡಿ ಇಲ್ಲಿ.”

ಎಲೆಯನ್ನು ಕೊಟ್ಟೆನು. ನಿರೀಕ್ಷಿಸಿದಂತೆಯೇ ತಿರುಗಿಸಿದರು. ಒಂದು ಬಿಳಿ ಕಾಗದ ಕೇಳಿದರು. ಅದರ ಮೇಲೆ ಎಲೆಯನ್ನು ಹಿಡಿದು ಬೆರಳಿನಿಂದ ಮೆಲ್ಲನೆ ತಟ್ಟಿದರು. ಕಾಗದದ ಮೇಲೆ ಮೆಣಸಿನ ಪುಡಿಯಂತಹ ಚುಕ್ಕೆಗಳು ಉದುರಿದವು.

“ಧೂಳು,” ಎಂದೆನು.

“ಧೂಳು ನಡೆಯುತ್ತೇನ್ರೀ?”

ಬಗ್ಗಿ ನೋಡಿದೆನು. ಚುಕ್ಕೆಗಳು ನಿಧಾನವಾಗಿ ಕಾಗದದ ಅಂಚಿನ ಕಡೆಗೆ ನಡೆಯುತ್ತಿದ್ದವು.

“ನುಸಿ ಇದು, ಜೇಡನ ಜಾತಿ. ಎಲೆ ಬೆನ್ನಲ್ಲಿ ಕೂತು ರಸ ಹೀರುತ್ತೆ. ಬಿಸಿಲು, ಧೂಳು ಇದ್ರೆ ಇದಕ್ಕೆ ಹಬ್ಬ. ನಿಮ್ಮ ಪೌಡರ್‌ಗೆ ಇದು ಸಾಯಲ್ಲ. ಇದನ್ನ ತಿನ್ನೋ ಸಣ್ಣ ಹುಳಗಳಿರ್ತವಲ್ಲ, ಅವು ಸತ್ತಿರ್ತವೆ. ಈಗ ಇದಕ್ಕೆ ಹೇಳೋರು ಕೇಳೋರು ಇಲ್ಲ.”

“ನಿಮಗೆ ಹೇಗೆ ಗೊತ್ತು?”

“ಹೋದ ವರ್ಷ ನನ್ನ ಹುರುಳಿಕಾಯಿ ಪೂರ್ತಿ ಹೋಯ್ತಲ್ಲ. ಎಲೆಗಳನ್ನ ಕವರ್‌ಗೆ ಹಾಕ್ಕೊಂಡು ಲಾಲ್‌ಬಾಗ್‌ಗೆ ಹೋಗಿ ತೋಟಗಾರಿಕೆಯೋರನ್ನ ಕೇಳ್ದೆ.”

ಅವರ ಹುರುಳಿಕಾಯಿ ಹಾಳಾದ ವಿಷಯ ನನಗೆ ತಿಳಿದಿರಲಿಲ್ಲ. ಸಕಾಲದಲ್ಲಿ ತಿಳಿದಿದ್ದರೆ ಹಿಂದಿನ ವರ್ಷದ ಬೇಸಿಗೆಯನ್ನು ನಾನು ಇನ್ನಷ್ಟು ನೆಮ್ಮದಿಯಿಂದ ಕಳೆಯುತ್ತಿದ್ದೆನು.

ಅವರು ಹೇಳಿದ ಕ್ರಮ ಹೀಗಿತ್ತು. ಬೆಳಗ್ಗೆ ತಂಪು ಹೊತ್ತಿನಲ್ಲಿ ಎಲೆಗಳ ಹಿಂಬದಿಗೆ ರಭಸವಾಗಿ ನೀರು ಹೊಡೆಯಬೇಕು. ತೀರ ಕೆಟ್ಟ ಎಲೆಗಳನ್ನು ಕಿತ್ತು ಸುಡಬೇಕು, ತಿಪ್ಪೆಗೆ ಹಾಕಬಾರದು. ಆ ಮೇಲೂ ಉಳಿದರೆ ನೀರಿನಲ್ಲಿ ಕಲೆಸುವ ಗಂಧಕದ ಪುಡಿಯನ್ನು ಬಿಸಿಲೇರುವ ಮೊದಲು ಸಿಂಪಡಿಸಬೇಕು. ಅದಕ್ಕಾಗಿ ಸೊಳ್ಳೆಗೆ ಔಷಧಿ ಹೊಡೆಯುವ ತಮ್ಮ ಹಿತ್ತಾಳೆಯ ಫ್ಲಿಟ್ ಪಂಪನ್ನೂ ಕೊಟ್ಟರು. ಅದನ್ನು ಅವರು ಹುಣಸೆಹಣ್ಣು ಹಾಕಿ ಬೆಳಗಿ ಇಟ್ಟಿದ್ದರು. ಫ್ಲಿಟ್ ಪಂಪನ್ನು ಬೆಳಗುವವರನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಅದರಂತೆ ಕ್ರಮ ಕೈಗೊಳ್ಳಲಾಯಿತು. ಕಚೇರಿಗೆ ಹೊರಡುವ ಮುನ್ನ ನಾನು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಕೆಳಗಿನಿಂದ ಮೇಲಕ್ಕೆ ನೀರು ಹೊಡೆಯುತ್ತಿದ್ದೆನು. ಅರ್ಧ ನೀರು ನನ್ನ ಮುಖಕ್ಕೇ ಬೀಳುತ್ತಿತ್ತು. ಗಿಡಗಳು ಚೇತರಿಸಿಕೊಂಡು ಹೊಸ ಚಿಗುರು ಬಂದಿತು. ಆದರೆ ಕೆಲವೇ ದಿನಗಳಲ್ಲಿ ಆ ಚಿಗುರಿನ ಮೇಲೆಯೇ ಮತ್ತೆ ಬಿಳಿ ಚುಕ್ಕೆಗಳು. ಪುನಃ ತೊಳೆದೆನು. ಪುನಃ ಬಂದವು. ಗೋಡೆಯ ಆಚೆ ಅವರ ಗಿಡಗಳು ಹೊಳೆಯುತ್ತಿದ್ದವು.

ಸಾರಿನ ಪುಡಿಯ ಅಳತೆಯನ್ನು ಕೇಳಿದಾಗ ಒಂದು ಸಾಮಾನನ್ನು ಬಿಟ್ಟು ಹೇಳುವವರಿದ್ದಾರೆ. ಇದೂ ಅದೇ ಎಂದು ನನಗೆ ಮನವರಿಕೆಯಾಯಿತು. ನಮ್ಮ ಯಜಮಾನರಿಗೆ ಹೇಳಿದೆನು. ಅವರು ಪತ್ರಿಕೆಯಿಂದ ತಲೆಯೆತ್ತದೆ, “ನೀನು ಗಿಡ ಬೆಳೆಸ್ತಿದೀಯೋ, ಕೇಸು ನಡೆಸ್ತಿದೀಯೋ?” ಎಂದರು.

ಕೊನೆಗೆ ನೇರವಾಗಿಯೇ ಕೇಳಿದೆನು. “ಏನೋ ಒಂದು ಬಿಟ್ಟು ಹೇಳಿದೀರಿ ಅನ್ಸುತ್ತೆ.”

ಅವರಿಗೆ ಕೋಪ ಬರಲಿಲ್ಲ. ಬಂದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಗೋಡೆಗೆ ಒರಗಿ ನಮ್ಮ ಹಿತ್ತಲನ್ನು ಒಂದು ಕಡೆಯಿಂದ ನೋಡುತ್ತಾ ಬಂದು, ನಡುವೆ ದೃಷ್ಟಿ ನಿಲ್ಲಿಸಿದರು.

“ಅವಳಿಗೆ ನೀರು ಹೊಡೆದ್ರಾ?”

“ಯಾರಿಗೆ?”

“ನಡುವೆ ಕೂತಿದ್ದಾಳಲ್ಲ.”

ನಾನು ತಿರುಗಿ ನೋಡಿದೆನು. ತುಳಸಿ. ಅದರ ಎಲೆಗಳು ಬೂದು ಬಣ್ಣಕ್ಕೆ ತಿರುಗಿದ್ದವು. ತುದಿಯ ತೆನೆಗಳ ನಡುವೆ ಬಲೆ ಇತ್ತು. ಬಿಸಿಲಿನಿಂದ ಬಾಡಿದೆಯೆಂದು ಅತ್ತೆಯವರು ತಮ್ಮ ಹಳೆಯ ಸೀರೆಯನ್ನು ಅದಕ್ಕೆ ಚಪ್ಪರದಂತೆ ಕಟ್ಟಿದ್ದರು. ಆ ನೆರಳಿನಲ್ಲಿ, ಯಾರೂ ಕೈಯಿಡದ ಆ ಒಂದು ಗಿಡದಲ್ಲಿ ನುಸಿಗಳು ಸುಖವಾಗಿ ಸಂಸಾರ ಹೂಡಿ, ನಾನು ತೊಳೆದ ಪಾತಿಗಳಿಗೆ ಪ್ರತಿ ಸಲವೂ ಇಳಿದು ಬರುತ್ತಿದ್ದವು. ತುಳಸಿಗೆ ಔಷಧಿ ಹೊಡೆಯುವುದು ನಮ್ಮಂತಹ ಮನೆಗಳಲ್ಲಿ ಯಾರ ಯೋಚನೆಗೂ ಬರುವುದಿಲ್ಲ. ಮಂಗಳವಾರ, ಶುಕ್ರವಾರ ದಳ ಕೀಳುವಂತಿಲ್ಲ. ದ್ವಾದಶಿಯಂದು ಮುಟ್ಟುವಂತಿಲ್ಲ. ದಿನವೂ ಪೂಜೆಯ ನೀರು ಬೀಳುತ್ತದೆ, ಆದರೆ ಅದು ಬುಡಕ್ಕೆ. ಪ್ರೋಕ್ಷಿಸಿದ ಹನಿಗಳು ಎಲೆಯ ಮುಖಕ್ಕೆ. ನನ್ನ ಫ್ಲಿಟ್ ಪಂಪು ಕಟ್ಟೆಯ ಹತ್ತಿರ ಬಂದಾಗಲೆಲ್ಲಾ ತಾನಾಗಿಯೇ ಬೇರೆ ಕಡೆಗೆ ತಿರುಗುತ್ತಿತ್ತು.

ಅವರೇ ಬಂದು ಅತ್ತೆಯವರ ಹತ್ತಿರ ಮಾತನಾಡಿದರು. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆನು.

“ಅತ್ತೆ, ನಿಮ್ಮ ತುಳಸಮ್ಮನಿಗೆ ಮೈ ಹುಷಾರಿಲ್ಲ.”

“ಬಿಸಿಲು ಕಣೇ. ಈ ಬಿಸಿಲಲ್ಲಿ ಯಾರಿಗೆ ಹುಷಾರಿರುತ್ತೆ.”

“ಬಿಸಿಲಲ್ಲ, ನುಸಿ.”

“ಬಾಯ್ಮುಚ್ಚು. ತುಳಸೀಗೆ ಹುಳ ಬೀಳುತ್ತೇನೇ?”

“ಔಷಧಿ ಹೊಡೀರಿ ಅಂತಿಲ್ಲ ನಾನು. ಒಂದು ದಳಾನೂ ಕೀಳೋದು ಬೇಡ. ದಿನಾ ಕಾಲು ತೊಳೀತಿದೀರಿ, ಬೆನ್ನು ಯಾರಾದ್ರೂ ತೊಳೆದಿದೀರಾ? ನಾಲ್ಕು ದಿನ ತಲೆ ಮೇಲೆ ಎರೆದು ನೋಡಿ.”

ಅತ್ತೆಯವರು ತಮ್ಮ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡರು. “ನನ್ನ ಕೈ ನಡುಗುತ್ತೆ. ಎಲೆ ಉದುರಿ ಹೋಗುತ್ತೆ,” ಎಂದರು. ಬಳಿಕ ಅವರ ಕಡೆ ತಿರುಗಿ, “ನೀನು ಸ್ನಾನ ಮಾಡ್ಕೊಂಡು ಒದ್ದೆ ಸೀರೇಲಿ ಬರ್ತೀಯಾ?” ಎಂದು ಕೇಳಿದರು.

“ನಾನು ಮಾಡ್ತೀನಿ, ಅತ್ತೆ,” ಎಂದೆನು ಬಾಗಿಲಿನಿಂದ.

“ನೀನು ಬಸ್ ಹಿಡೀಬೇಕಲ್ಲಮ್ಮ,” ಎಂದರು ಅತ್ತೆಯವರು. ದಯೆಯಿಂದಲೇ ಹೇಳಿದರು.

ಮರುದಿನದಿಂದ ಅವರು ಬೆಳಗ್ಗೆ ಒದ್ದೆ ಸೀರೆಯುಟ್ಟು, ತಲೆಗೆ ಬಟ್ಟೆ ಸುತ್ತಿ ಬರತೊಡಗಿದರು. ನಾನು ಯಜಮಾನರ ಡಬ್ಬಿಗೆ ಚಿತ್ರಾನ್ನ ತುಂಬುತ್ತಾ ಕಿಟಕಿಯಿಂದ ನೋಡುತ್ತಿದ್ದೆನು. ಎಡಗೈಯ ಅಂಗೈಯನ್ನು ಕೊಂಬೆಯ ಕೆಳಗಿಟ್ಟು, ಬಲಗೈಯಿಂದ ಗಿಂಡಿಯ ನೀರನ್ನು ಸಣ್ಣಗೆ ಬಿಡುತ್ತಿದ್ದರು. ಆಮೇಲೆ ಎರಡು ಬೆರಳುಗಳ ನಡುವೆ ಒಂದೊಂದೇ ಎಲೆಯನ್ನು ಹಿಡಿದು, ಹಿಂಬದಿಯನ್ನು ತೊಟ್ಟಿನಿಂದ ತುದಿಯವರೆಗೆ ಸವರುತ್ತಿದ್ದರು. ಅತ್ತೆಯವರು ಪಕ್ಕದಲ್ಲಿ ಮಣೆಯ ಮೇಲೆ ಕುಳಿತು ಸ್ತೋತ್ರ ಹೇಳುತ್ತಿದ್ದರು. ನಡುನಡುವೆ ಸ್ತೋತ್ರ ನಿಲ್ಲುತ್ತಿತ್ತು, ಏನೋ ಮಾತು, ಆಮೇಲೆ ನಗು. ನಮ್ಮ ಅತ್ತೆಯವರು ಅಷ್ಟು ಹೊತ್ತಿಗೇ ನಗುವವರೆಂದು ನನಗೆ ಗೊತ್ತಿರಲಿಲ್ಲ. ಏಕೆ ನಗುತ್ತಿದ್ದಿರೆಂದು ಒಂದು ದಿನ ಕೇಳಿದಾಗ, “ಏನಿಲ್ಲ ಬಿಡು” ಎಂದರು. ಆ ದಿನ ನನಗೆ ಬಸ್ಸೂ ತಪ್ಪಿತು, ಕಚೇರಿಯಲ್ಲಿ ಒಂದು ಪತ್ರವನ್ನು ತಪ್ಪು ವಿಳಾಸಕ್ಕೆ ಕಳುಹಿಸಿದೆನು.

ಈ ಮನೆಗೆ ಸೊಸೆಯಾಗಿ ಬಂದು ವರ್ಷಗಳಾದರೂ ನನಗೆ ಸಿಗದ ಜಾಗಕ್ಕೆ ಅವರು ಗೋಡೆ ಬಳಸಿ ಬಂದು ತಲುಪಿದ್ದರು. ಅವರು ಅದನ್ನು ಕೇಳಿರಲೂ ಇಲ್ಲ. ಕೇಳಿ ಪಡೆದವರ ಮೇಲೆ ಅಸೂಯೆ ಪಡುವುದು ಸುಲಭ. ಕೇಳದೆ ದೊರೆತವರ ವಿಷಯದಲ್ಲಿ ಅದು ಒಳಗೇ ಉಳಿದು ನವೆಯಾಗುತ್ತದೆ.

ತುಳಸಿ ಚಿಗುರಿತು. ಸಣ್ಣ ದಳಗಳು ಹೊಳೆಯುತ್ತಾ ಬಂದವು. ಅಲ್ಲಿ ನುಸಿ ಹೋದ ಮೇಲೆ ನನ್ನ ಪಾತಿಗಳಿಗೂ ಮತ್ತೆ ಬರಲಿಲ್ಲ. ಚುಕ್ಕೆಗಳಿರುವ ಪುಟ್ಟ ಕೆಂಪು ಜೀರುಂಡೆಗಳು ಎಲ್ಲಿಂದಲೋ ಬಂದು ಎಲೆಗಳ ಮೇಲೆ ತಿರುಗಾಡತೊಡಗಿದವು. ಬೆಂಡೆ ಕಾಯಿ ಬಿಟ್ಟಿತು. ಒಂದು ದ್ವಾದಶಿಯಂದು ನನ್ನ ಬೆಂಡೆಕಾಯಿಯ ಪಲ್ಯವನ್ನು ಅತ್ತೆಯವರ ಎಲೆಗೆ ಬಡಿಸಿ ಕಾದು ನಿಂತೆನು.

“ಚೆನ್ನಾಗಿದೆ,” ಎಂದರು. “ಏನೇ ಆಗ್ಲಿ, ಅವಳ ಕೈಗುಣ.”

“ಇದು ನಮ್ಮ ಹಿತ್ತಲಿಂದು, ಅತ್ತೆ.”

“ನಮ್ಮ ಹಿತ್ತಲೇ. ಉಳಿಸಿದ್ದು ಯಾರು?”

ನಮ್ಮ ಯಜಮಾನರು ಮಜ್ಜಿಗೆಯನ್ನು ಬಹಳ ಗಮನವಿಟ್ಟು ಕುಡಿದರು.

ಸದರಿಯವರು ಕೆಟ್ಟವರಾಗಿದ್ದರೆ ಈ ಲೇಖನ ಬೇಗ ಮುಗಿಯುತ್ತಿತ್ತು. ನನಗೆ ಟೈಫಾಯ್ಡ್ ಬಂದು ಮಲಗಿದ್ದಾಗ ಬ್ಯಾಂಕಿಗೆ ರಜೆ ಹಾಕಿ ನನ್ನ ಪಕ್ಕದಲ್ಲಿ ಕುಳಿತಿದ್ದವರು ಅವರು. ಎಚ್ಚರವಾದಾಗ, ನನ್ನ ಔಷಧಿಯ ಸೀಸೆಯನ್ನು ತಿರುಗಿಸಿ ಹಿಂದಿನ ಚೀಟಿಯನ್ನು ಓದುತ್ತಿದ್ದರು. “ಕಹಿ ಅಂತೆ ಕಣ್ರೀ, ಮೂಗು ಮುಚ್ಕೊಂಡು ಕುಡೀರಿ. ನಿಮಗೆ ನನ್ನ ಕಂಡ್ರೆ ಮೂಗು ಮುರಿಯೋದು ಅಭ್ಯಾಸ ಇದೆಯಲ್ಲ” ಎಂದರು. ಜ್ವರದಲ್ಲಿ ಹಾಗೆ ಕೇಳಿಸಿತೋ, ಅವರು ಹೇಳಿದ್ದೇ ಹಾಗೋ, ನಾನು ವಿಚಾರಿಸಲು ಹೋಗಲಿಲ್ಲ. ಅವರಿಗೆ ಎಲ್ಲವೂ ಗೊತ್ತಿತ್ತು ಎಂಬ ಅನುಮಾನ ಮಾತ್ರ ಅಂದಿನಿಂದ ನನ್ನಲ್ಲಿ ಉಳಿದಿದೆ.

ಮಳೆಗಾಲ ಬಂದಿತು. ನುಸಿಯ ಭಯ ಹೋದರೂ ಬೆಳಗಿನ ಸ್ನಾನ ನಿಲ್ಲಲಿಲ್ಲ. ಅತ್ತೆಯವರಿಗೆ ಅದು ರೂಢಿಯಾಗಿಬಿಟ್ಟಿತ್ತು. ಸದರಿಯವರು ಬರುವುದು ಸ್ವಲ್ಪ ತಡವಾದರೂ ಅತ್ತೆಯವರು ಗೋಡೆಯ ಬಳಿ ಹೋಗಿ ನಿಲ್ಲುತ್ತಿದ್ದರು. ಒಂದು ಸಂಜೆ ಪಕ್ಕದ ಮನೆಯವರು ಬಂದು ನಡುಮನೆಯಲ್ಲಿ ಕುಳಿತರು. ನಾನು ಕಾಫಿ ತಂದುಕೊಟ್ಟೆನು.

“ಅತ್ತೆ, ನಾಳೆಯಿಂದ ನಾನು ಬರಕ್ಕಾಗಲ್ಲ. ಬ್ಯಾಂಕಲ್ಲಿ ಆಡಿಟ್ ಶುರುವಾಗಿದೆ. ಬೆಳಗ್ಗೇನೇ ಓಡ್ಬೇಕು.”

“ಅಯ್ಯೋ, ಎಷ್ಟು ದಿನ?”

“ಹೇಳಕ್ಕಾಗಲ್ಲ. ಬಹಳ ದಿನ ಆಗ್ಬಹುದು.”

“ಹಾಗಾದ್ರೆ ತುಳಸೀಗೆ ಯಾರು?”

ಅವರು ಕಾಫಿಯನ್ನು ಆರಿಸುತ್ತಾ, ನನ್ನ ಕಡೆ ನೋಡದೆ, “ಮನೇಲೇ ಇದಾರಲ್ಲ ನಿಮ್ಮ ಸೊಸೆ. ನನ್ನ ಬೆರಳು ನೋಟು ಎಣಿಸಿ ಎಣಿಸಿ ಒರಟಾಗಿದೆ. ಅವರದು ಸಣ್ಣ ಬೆರಳು,” ಎಂದರು.

ಅತ್ತೆಯವರು ನನ್ನ ಕೈಗಳನ್ನು ನೋಡಿದರು. ಹೊಸದಾಗಿ ಮನೆಗೆ ಬಂದ ಪದಾರ್ಥವನ್ನು ನೋಡುವ ಹಾಗೆ ನೋಡಿದರು. “ಬಸ್ಸು?” ಎಂದರು.

“ಮುಂದಿನ ಬಸ್ಸಿಗೆ ಹೋಗ್ತೀನಿ,” ಎಂದೆನು.

ಮಾರನೆಯ ಬೆಳಗ್ಗೆ ಒದ್ದೆ ಸೀರೆಯುಟ್ಟು ಕಟ್ಟೆಯ ಮುಂದೆ ನಿಂತೆನು. ಚಳಿಗೆ ಹಲ್ಲು ಕಟಕಟಿಸುತ್ತಿತ್ತು. ಅತ್ತೆಯವರು ಗಿಂಡಿಯನ್ನು ನನ್ನ ಕೈಗೆ ಕೊಟ್ಟರು. “ಹೂಂ, ಕೊಂಬೆ ಕೆಳಗೆ ಕೈ ಕೊಡು. ಹಾಗಲ್ಲ. ಬೆನ್ನಿಗೆ ಬಿಡು ನೀರು. ಅವಳು ಬಿಡ್ತಿದ್ಲಲ್ಲ, ಹಾಗೆ.” ಅವರು ಬಿಡುತ್ತಿದ್ದ ಹಾಗೆಯೇ ಬಿಟ್ಟೆನು. ಕಿಟಕಿಯಿಂದ ಅಷ್ಟು ದಿನ ನೋಡಿದ್ದರಿಂದ ನನಗೆ ಅದು ಕರತಲಾಮಲಕವಾಗಿತ್ತು.

ಮೇಲಿನ ಕೊಂಬೆಗಾಗಿ ತಲೆಯೆತ್ತಿದಾಗ ಗೋಡೆಯ ಆಚೆ ಕಂಡಿತು. ಆಡಿಟ್ಟಿಗಾಗಿ ಬೆಳಗ್ಗೆಯೇ ಓಡಬೇಕಾಗಿದ್ದವರು ಹಿತ್ತಲಿನ ಮೆಟ್ಟಿಲ ಮೇಲೆ ಮನೆಯ ಸೀರೆಯಲ್ಲಿಯೇ ಕುಳಿತು ಕಾಫಿ ಕುಡಿಯುತ್ತಿದ್ದರು. ಮೊಪೆಡ್ ಮುಚ್ಚಿದ ಬಟ್ಟೆಯೊಳಗೇ ಇತ್ತು. ನನ್ನ ಕಣ್ಣು ಅವರ ಕಣ್ಣಿಗೆ ಸಿಕ್ಕಿತು. ಅವರು ಲೋಟವನ್ನು ಎತ್ತಿಕೊಂಡು, ಏನೂ ಆಗಿಲ್ಲವೆಂಬಂತೆ ಒಳಗೆ ಹೋದರು.

ಅಂದು ನನಗೆ ಸಂತೋಷವಾಯಿತೆಂದು ಬರೆದರೆ ಅದು ವಾಸ್ತವಕ್ಕೆ ದೂರವಾಗುತ್ತದೆ. ಅಷ್ಟು ದಿನ ಸೊಪ್ಪು, ಬೆಂಡೆಕಾಯಿ ಗೋಡೆಯ ಮೇಲಿಂದ ಬರುತ್ತಿದ್ದವು. ಈಗ ನನ್ನ ಮನೆಯ ತುಳಸಿಯೇ ಆ ಗೋಡೆಯ ಮೇಲಿಂದ ನನಗೆ ಬಂದಿತ್ತು. ಬೇಡವೆಂದು ಹಿಂದಿರುಗಿಸಲು ಸಾಧ್ಯವಿರಲಿಲ್ಲ. ಕೊಟ್ಟವರೇ ಕೊಟ್ಟಿಲ್ಲವೆನ್ನುತ್ತಿದ್ದರು.

ಮುಂದಿನ ದ್ವಾದಶಿ ಬಂದಿತು. ಅಂದು ಮುಟ್ಟುವಂತಿಲ್ಲದ್ದರಿಂದ ಬೆಳಗ್ಗೆ ತುಳಸಿಯ ಬುಡಕ್ಕೆ ಮಾತ್ರ ನೀರೆರೆದು, ನನ್ನ ಪಾತಿಯ ಬೆಂಡೆಕಾಯಿಯನ್ನು ಹೆಚ್ಚಿ, ಮಡಿಯಲ್ಲಿಯೇ ಅಡಿಗೆ ಮಾಡಿದೆನು. ದೇವರಿಗೆ ನೈವೇದ್ಯವಾಗುವ ಮೊದಲು ಯಾವುದನ್ನೂ ರುಚಿ ನೋಡುವಂತಿಲ್ಲ, ಆದ್ದರಿಂದ ನೋಡಲಿಲ್ಲ. ಬಡಿಸಿದೆನು. ಅತ್ತೆಯವರು ಪಲ್ಯವನ್ನು ಬಾಯಿಗಿಟ್ಟು ಸ್ವಲ್ಪ ಹೊತ್ತು ಅಗಿದರು. ನನ್ನ ಮುಖವನ್ನು ನೋಡಿದರು.

“ನಮ್ಮನೇದಾ?”

“ಹೌದು, ಅತ್ತೆ.”

“ನಮ್ಮನೇದು ಎಳೇದಾಗಿದೆ. ಹಾಕು ಇನ್ನೊಂದಿಷ್ಟು.”

ಹಾಕಿದೆನು. ಅದನ್ನೂ ಪೂರ್ತಿ ತಿಂದರು. ಎದ್ದು ಕೈ ತೊಳೆಯುತ್ತಾ, “ಪಕ್ಕದ್ಮನೆಗೂ ಒಂದು ಬಟ್ಟಲು ಕೊಟ್ಟು ಬಾ,” ಎಂದರು. ಆ ಕೆಲಸವನ್ನು ನಾನು ಅಂದು ಮಾಡಿದಷ್ಟು ಉತ್ಸಾಹದಿಂದ ಮತ್ತೆಂದೂ ಮಾಡಿಲ್ಲ. ಗೋಡೆಯ ಮೇಲಿಂದಲ್ಲ, ಗೇಟು ತೆರೆದು ಮುಂಬಾಗಿಲಿನಿಂದಲೇ ಹೋಗಿ ಕೊಟ್ಟೆನು.

ಅವರು ನಿಂತಲ್ಲಿಯೇ ಒಂದು ಚೂರನ್ನು ಬಾಯಿಗೆ ಹಾಕಿಕೊಂಡರು. “ಬೆಂಡೇಕಾಯಿ ತುಂಬಾ ಚೆನ್ನಾಗಿದೆ ಕಣ್ರೀ,” ಎಂದರು. ಆಮೇಲೆ, “ಉಪ್ಪು ಹಾಕೋದು ಮರ್ತಿದೀರ.”

ಮನೆಗೆ ಬಂದು ಬಾಣಲೆಯ ತಳದಲ್ಲಿದ್ದುದನ್ನು ರುಚಿ ನೋಡಿದೆನು. ಒಂದು ಹರಳೂ ಉಪ್ಪು ಬಿದ್ದಿರಲಿಲ್ಲ. ಸಾರಿನಲ್ಲಿ ಉಪ್ಪು ಒಂದಿಷ್ಟು ಹೆಚ್ಚುಕಡಿಮೆಯಾದರೂ ಎಲೆಯನ್ನು ಮುಂದಕ್ಕೆ ತಳ್ಳುವವರು ನಮ್ಮ ಅತ್ತೆಯವರು. ಅವರು ಹಿತ್ತಲ ಬಾಗಿಲಿನ ಹತ್ತಿರ ಕಂಬಕ್ಕೆ ಒರಗಿ ಬತ್ತಿ ಹೊಸೆಯುತ್ತಿದ್ದರು.

“ಅತ್ತೆ, ಪಕ್ಕದ್ಮನೆಯವರು ಪಲ್ಯಕ್ಕೆ ಉಪ್ಪೇ ಇಲ್ಲ ಅಂದ್ರು.”

ಅತ್ತೆಯವರು ತೊಡೆಯ ಮೇಲೆ ಬತ್ತಿಯನ್ನು ಉಜ್ಜುತ್ತಾ ತಲೆಯೆತ್ತಲಿಲ್ಲ.

“ಇತ್ತಲ್ಲ,” ಎಂದರು. “ಅವಳಿಗೇನು ಗೊತ್ತು.”

ಸದರಿ ಮಾತು ಗೋಡೆಯ ಆಚೆ ಕೇಳಿಸಿರಲಿಕ್ಕಿಲ್ಲವೆಂದು ನಂಬಿರುತ್ತೇನೆ. ಒಂದು ವೇಳೆ ಕೇಳಿಸಿದ್ದಲ್ಲಿ, ಅದಕ್ಕೆ ನನ್ನ ಆಕ್ಷೇಪಣೆಯೇನೂ ಇರುವುದಿಲ್ಲ.